ಮಾತ್ರೆಯ ಜೊತೆಗೆ ಮಾತೂ ಬೇಕು

ಮಂಡ್ಯ: ಮನಸ್ಸಿನ ಕಾಯಿಲೆಗೆ ತನಗೆ ಒಗ್ಗುವ ಚಿಕಿತ್ಸೆ ಯಾವುದೆಂದು ವಿಚಾರಿಸಿ ಆರಿಸಿಕೊಳ್ಳುವ ಅವಕಾಶ ಬೆಂಗಳೂರಿನ ರೋಗಿಗೆ ಇದೆ. ಮಳವಳ್ಳಿಯ ರೋಗಿಯಾದರೋ ಚಿಕಿತ್ಸೆಯ ಬಗೆಗಿಂತ ಮೊದಲು ಬಸ್ಸಿನ ವೇಳೆಯನ್ನು ವಿಚಾರಿಸಬೇಕು.

2015ರಲ್ಲಿ ರೈತರ ಆತ್ಮಹತ್ಯೆಗಳಿಂದ ಮಂಡ್ಯ ಜಿಲ್ಲೆ ದೇಶದ ಗಮನ ಸೆಳೆದಾಗ ಸಾಲ, ಕಬ್ಬಿನ ಬಾಕಿ, ಬೆಲೆ ಕುಸಿತಗಳ ಬಗ್ಗೆ ವ್ಯಾಪಕ ಚರ್ಚೆಯಾಯಿತು. ಅದು ಆಗಲೇಬೇಕಿದ್ದ ಚರ್ಚೆ. ಆದರೆ ಸಂಕಟದಲ್ಲಿರುವವನ ಅಳಲನ್ನು ಕುಳಿತು ಕೇಳಬಲ್ಲ ವ್ಯವಸ್ಥೆ ತಾಲ್ಲೂಕು ಮಟ್ಟದಲ್ಲಿ ಇದೆಯೇ ಎಂಬ ಪ್ರಶ್ನೆ ಹಿಂದೆ ಸರಿಯಿತು. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಖಿನ್ನತೆ, ಆತಂಕದಂತಹ ಸಾಮಾನ್ಯ ಮನೋವ್ಯಾಧಿಗಳಿಂದ ಬಳಲುವವರಲ್ಲಿ ಶೇ 85ರಷ್ಟು ಮಂದಿಗೆ ಚಿಕಿತ್ಸೆಯೇ ದೊರಕಿರಲಿಲ್ಲ.

ಯಾರಿಗೆ ಯಾವುದು?

ಚಿಕಿತ್ಸೆಯ ಆಯ್ಕೆ ಕಾಯಿಲೆಯ ಸ್ವರೂಪವನ್ನು ಅವಲಂಬಿಸಿದೆ. ಸೌಮ್ಯ ಅಥವಾ ಮಧ್ಯಮ ಪ್ರಮಾಣದ ಖಿನ್ನತೆ ಮತ್ತು ಆತಂಕಕ್ಕೆ ಮಾತಿನ ಚಿಕಿತ್ಸೆ ಔಷಧದಷ್ಟೇ ಫಲಕಾರಿಯಾಗಬಲ್ಲದು. ತೀವ್ರ ಖಿನ್ನತೆಗೆ ಸಾಮಾನ್ಯವಾಗಿ ಎರಡೂ ಬೇಕು. ಸ್ಕಿಜೋಫ್ರೇನಿಯಾದಲ್ಲಿ ಔಷಧವೇ ಆಧಾರ. ಜೊತೆಗೆ ಮನೆಯವರಿಗೆ ನೀಡುವ ತಿಳಿವಳಿಕೆ ಕಾಯಿಲೆ ಮರುಕಳಿಸುವುದನ್ನು ತಗ್ಗಿಸುತ್ತದೆ. ಗೀಳು ರೋಗಕ್ಕೆ, ರೋಗಿ ಅಂಜುವ ಸನ್ನಿವೇಶವನ್ನು ಹಂತಹಂತವಾಗಿ ಎದುರಿಸುವಂತೆ ಅಭ್ಯಾಸ ಮಾಡಿಸುವ ವರ್ತನಾ ಚಿಕಿತ್ಸೆ ಉಪಯುಕ್ತ. ಹಲವು ವರ್ಷಗಳ ಕುಡಿತವನ್ನು ಮನೆಯಲ್ಲಿ ಹಠಾತ್ತನೆ ಬಿಡಿಸುವುದು ಅಪಾಯಕಾರಿ. ಫಿಟ್ಸ್ ಬರುವ ಸಂಭವವಿರುವುದರಿಂದ ಮೊದಲು ವೈದ್ಯರ ನಿಗಾ, ಅನಂತರ ಆಪ್ತಸಮಾಲೋಚನೆ.

ಔಷಧ ಬರೆಯುವವರು ಮನೋವೈದ್ಯರು. ಮಾತಿನ ಚಿಕಿತ್ಸೆಯಲ್ಲಿ ವಿಶೇಷ ತರಬೇತಿ ಪಡೆದವರು ಚಿಕಿತ್ಸಾ ಮನಃಶಾಸ್ತ್ರಜ್ಞರು. ಅವರ ವಿದ್ಯಾರ್ಹತೆ, ನೋಂದಣಿ, ಎಷ್ಟು ಭೇಟಿ ಬೇಕಾದೀತು ಎಂಬುದನ್ನು ಮೊದಲ ದಿನವೇ ಕೇಳಲು ಸಂಕೋಚ ಬೇಡ.

ದೂರದ ಲೆಕ್ಕ

ಜಿಲ್ಲಾ ಕೇಂದ್ರದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಮಿಮ್ಸ್) ಇದೆ. ಮದ್ದೂರಿನಿಂದ ಮಂಡ್ಯಕ್ಕೂ ಬೆಂಗಳೂರಿಗೂ ರೈಲಿದೆ. ಮಳವಳ್ಳಿಗೆ ರೈಲೇ ಇಲ್ಲ. ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೇ ಕಳುಹಿಸಲು ರಾಜ್ಯ ಸರ್ಕಾರ ‘ಮನೋಚೈತನ್ಯ’ ಕಾರ್ಯಕ್ರಮ ರೂಪಿಸಿದ್ದು ಸ್ವಾಗತಾರ್ಹ. ಆದರೆ ಒಂದೇ ದಿನದ ಹೊರರೋಗಿ ವಿಭಾಗದಲ್ಲಿ ಪ್ರತಿ ರೋಗಿಗೆ ಮುಕ್ಕಾಲು ಗಂಟೆ ಮೀಸಲಿಡುವುದು ಸಾಧ್ಯವೇ? ಮಾತ್ರೆಗಾದರೆ ತಿಂಗಳಿಗೊಮ್ಮೆ ಬಂದರೆ ಸಾಕಾಗಬಹುದು. ಮಾತಿನ ಚಿಕಿತ್ಸೆಗೆ ಹಲವು ವಾರ ಸತತವಾಗಿ ಬರಬೇಕು. ಕೂಲಿ ಮಾಡುವವರಿಗೆ ಪ್ರತಿ ಭೇಟಿಯೂ ಒಂದು ದಿನದ ಸಂಬಳದ ನಷ್ಟ. ಹೀಗಾಗಿ ಮಾತೇ ಸಾಕಾಗಬಹುದಾಗಿದ್ದ ರೋಗಿಗೂ ಮಾತ್ರೆಯೊಂದೇ ಗತಿಯಾಗುವ ಸಂಭವ ಹೆಚ್ಚು.

ಪರಿಹಾರಕ್ಕೆ ಹೊರಗೆಲ್ಲೂ ಹುಡುಕಬೇಕಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿತ್ತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನೆರೆಯ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತಜ್ಞರಲ್ಲದ, ಆದರೆ ತರಬೇತಿ ಪಡೆದ ಸಮಾಲೋಚಕರು ಆರರಿಂದ ಎಂಟು ಭೇಟಿಗಳಲ್ಲಿ ನೀಡಿದ ಮಾತಿನ ಚಿಕಿತ್ಸೆಯಿಂದ ತೀವ್ರ ಖಿನ್ನತೆಯವರೂ ಚೇತರಿಸಿಕೊಂಡರೆಂದು ‘ಲ್ಯಾನ್ಸೆಟ್’ ಪತ್ರಿಕೆ 2016ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿದೆ. ಮದ್ದೂರು, ಮಳವಳ್ಳಿಗಳಲ್ಲಿ ಇಂತಹ ಸಮಾಲೋಚಕರನ್ನು ನೇಮಿಸಿ, ನಿಗದಿತ ದಿನ ಮತ್ತು ಬಾಗಿಲು ಮುಚ್ಚಬಹುದಾದ ಒಂದು ಕೊಠಡಿ ಒದಗಿಸುವುದು ಸರ್ಕಾರಕ್ಕೆ ಭಾರವಾಗಲಾರದು.

2017ರ ಮಾನಸಿಕ ಆರೋಗ್ಯ ಕಾಯ್ದೆಯು ಸರ್ಕಾರಿ ಸೇವೆಗಳಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದನ್ನು ಪ್ರಜೆಯ ಹಕ್ಕೆಂದು ಸಾರಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಂಕಟದ ಕ್ಷಣದಲ್ಲಿ ಈ ದೂರವಾಣಿ ಆಸರೆಯಾದೀತು. ಆದರೆ ವಾರವಾರವೂ ಎದುರು ಕುಳಿತು ಕೇಳುವವರ ಸ್ಥಾನವನ್ನು ಅದು ತುಂಬಲಾರದು. ಆ ಕುರ್ಚಿ ತಾಲ್ಲೂಕು ಆಸ್ಪತ್ರೆಗೆ ಬಂದಾಗಲಷ್ಟೇ ಮಳವಳ್ಳಿಯವರಿಗೂ ಚಿಕಿತ್ಸೆಯಲ್ಲಿ ಆಯ್ಕೆ ಎಂಬುದು ಉಂಟಾಗುತ್ತದೆ.