ಕೊನೆಯ ಓಟವೊಂದೇ ಸಾಕ್ಷ್ಯವಲ್ಲ

ಮದರಾಸು ರೇಸ್ ಕ್ಲಬ್ಬಿಗೆ ಸಂಬಂಧಿಸಿದ ಕೆ. ಆರ್. ಲಕ್ಷ್ಮಣನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಜನವರಿ 12ರಂದು ತೀರ್ಪಿತ್ತಿತು. ಕುದುರೆ ಪಂದ್ಯವು ಪ್ರಧಾನವಾಗಿ ಕೌಶಲದ ಆಟ. ಕುದುರೆಯ ವೇಗ, ತ್ರಾಣ, ತರಬೇತಿ, ಸವಾರನ ನೈಪುಣ್ಯ ಇವುಗಳನ್ನು ಪರಿಶೀಲಿಸಿ ಫಲವನ್ನು ಅಂದಾಜಿಸಲು ಸಾಧ್ಯವೆಂಬುದು ಅದರ ತಾತ್ಪರ್ಯ. ಈ ಪರಿಶೀಲನೆ ನಡೆಯುವ ಬಗೆಯನ್ನು ಅರಿಯಲು ಅಮೆರಿಕದ ಸೆಕ್ರೆಟೇರಿಯಟ್ ಎಂಬ ಕುದುರೆಯ ಕಥೆ ಉತ್ತಮ ನಿದರ್ಶನ.

1973ರ ಏಪ್ರಿಲ್ 21ರಂದು ನ್ಯೂಯಾರ್ಕಿನ ವುಡ್ ಮೆಮೋರಿಯಲ್ ಪಂದ್ಯದಲ್ಲಿ ಈ ಕುದುರೆ ಮೂರನೆಯದಾಗಿ ಬಂದಿತು. ಆಂಗಲ್ ಲೈಟ್ ಮೊದಲು, ಶ್ಯಾಮ್ ಎರಡನೆಯದು. ಎರಡೇ ವಾರಗಳಲ್ಲಿ ಕೆಂಟಕಿ ಡರ್ಬಿ ನಡೆಯುವುದಿತ್ತು. ವುಡ್ ಮೆಮೋರಿಯಲ್ ಒಂಬತ್ತು ಫರ್ಲಾಂಗಿನ ಓಟ. ಡರ್ಬಿ ಹತ್ತು ಫರ್ಲಾಂಗಿನದು. ಒಂಬತ್ತರಲ್ಲಿ ಸೋತದ್ದು ಹತ್ತರಲ್ಲಿ ಗೆಲ್ಲುವುದುಂಟೇ ಎಂಬ ಸಂಶಯ ಎದ್ದಿತು. ಇದರ ತಂದೆ ಬೋಲ್ಡ್ ರೂಲರ್‌ನ ಮರಿಗಳು ವೇಗಶಾಲಿಗಳಾದರೂ ದೂರದ ಓಟಕ್ಕೆ ಒದಗವು ಎಂಬ ಮಾತು ಆ ಸಂಶಯಕ್ಕೆ ಬಲ ಕೊಟ್ಟಿತು.

ಪ್ರತಿಪಕ್ಷದ ಸಾಕ್ಷ್ಯವೂ ದುರ್ಬಲವಾಗಿರಲಿಲ್ಲ. 1972ರಲ್ಲಿ ಎರಡು ವರ್ಷದ ಈ ಕುದುರೆ ಒಂಬತ್ತು ಓಟಗಳಲ್ಲಿ ಏಳನ್ನು ಗೆದ್ದು 'ವರ್ಷದ ಕುದುರೆ' ಎನಿಸಿತ್ತು. ವುಡ್ ಮೆಮೋರಿಯಲ್‌ಗೆ ಮುನ್ನ ನಡೆದ ಗೋಥಮ್ ಪಂದ್ಯದಲ್ಲಿ ಮೈದಾನದ ದಾಖಲೆಯನ್ನು ಸರಿಗಟ್ಟಿತ್ತು. ತಾಯಿಯ ತಂದೆ ಪ್ರಿನ್ಸ್‌ಕ್ವಿಲೊ ತ್ರಾಣಕ್ಕೆ ಹೆಸರಾದುದು. ಎಲ್ಲಕ್ಕಿಂತ ಮುಖ್ಯವಾಗಿ, ಸೋತ ದಿನ ಕುದುರೆಯ ಮೇಲ್ದುಟಿಯೊಳಗೆ ಕೀವುಗುರುವಿತ್ತು. ಬಾಯಿ ನೋಯುವ ಕುದುರೆ ಕಡಿವಾಣದ ಎಳೆತವನ್ನು ಹೇಗೆ ತಾಳಿಕೊಂಡೀತು? ಸೋಲಿಗೆ ಕಾರಣವಿತ್ತು, ಆ ಕಾರಣ ವಾಸಿಯಾಗುವಂಥದು.

ಮೇ 5ರಂದು ಡರ್ಬಿಯನ್ನು ಅದು 1 ನಿಮಿಷ 59.4 ಸೆಕೆಂಡುಗಳಲ್ಲಿ ಗೆದ್ದಿತು. ಬಲ್ಲವರು ಒಟ್ಟು ಕಾಲವನ್ನಷ್ಟೇ ನೋಡಲಿಲ್ಲ. ಎರಡೆರಡು ಫರ್ಲಾಂಗಿಗೆ ಅದು ತೆಗೆದುಕೊಂಡ ಸೆಕೆಂಡುಗಳು ಕ್ರಮವಾಗಿ 25.2, 24, 23.8, 23.4, 23. ಸಾಮಾನ್ಯವಾಗಿ ಕುದುರೆಗಳು ಕೊನೆಗೆ ದಣಿಯುತ್ತವೆ. ಇದು ಪ್ರತಿ ಹಂತದಲ್ಲೂ ವೇಗವನ್ನು ಹೆಚ್ಚಿಸಿಕೊಂಡಿತ್ತು. ದೂರದ ಓಟದ ಕುರಿತ ಸಂಶಯಕ್ಕೆ ಉತ್ತರ ಆ ಅಂಕಿಗಳಲ್ಲೇ ಇತ್ತು. ಜೂನ್ 9ರಂದು ಹನ್ನೆರಡು ಫರ್ಲಾಂಗಿನ ಬೆಲ್ಮಾಂಟ್ ಪಂದ್ಯವನ್ನು ಅದು 2 ನಿಮಿಷ 24 ಸೆಕೆಂಡುಗಳಲ್ಲಿ, 31 ಕುದುರೆಯುದ್ದಗಳ ಅಂತರದಿಂದ ಗೆದ್ದಿತು. ಇಪ್ಪತ್ತೈದು ವರ್ಷಗಳಿಂದ ಯಾವ ಕುದುರೆಗೂ ದಕ್ಕದ ತ್ರಿವಳಿ ಕಿರೀಟ ಅದರದಾಯಿತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಹಿತವಾಗಿರುತ್ತದೆ, ಆದರೆ ಪೂರ್ಣವಾಗುವುದಿಲ್ಲ. ಆಗಸ್ಟ್ 4ರಂದು ಸರಟೋಗಾದ ವಿಟ್ನಿ ಪಂದ್ಯದಲ್ಲಿ ಇದೇ ಕುದುರೆ ಆನಿಯನ್ ಎಂಬ ಕುದುರೆಗೆ ಸೋತಿತು. ಸೆಪ್ಟೆಂಬರಿನಲ್ಲಿ ಪ್ರೂವ್ ಔಟ್‌ಗೆ ಮತ್ತೊಮ್ಮೆ ಸೋತಿತು. ಬೆಲ್ಮಾಂಟಿನ ಅಂಕಿಗಳನ್ನು ನೆಚ್ಚಿ ಹಣ ಕಟ್ಟಿದವರ ತರ್ಕ ತಪ್ಪಾಗಿರಲಿಲ್ಲ. ಆದರೂ ಹಣ ಹೋಯಿತು.

ನ್ಯಾಯಾಲಯವು ಕೌಶಲದ ಪಾಲು ಹೆಚ್ಚೆಂದಿತೇ ಹೊರತು ಅದೃಷ್ಟದ ಪಾಲು ಇಲ್ಲವೆನ್ನಲಿಲ್ಲ. ಕಾನೂನು ಒಂದು ಆಟವನ್ನು ಕೌಶಲದ್ದೆಂದು ಕರೆದ ಮಾತ್ರಕ್ಕೆ ಮಗಳ ಶುಲ್ಕಕ್ಕೆಂದು ಕೂಡಿಟ್ಟ ಹಣಕ್ಕೆ ರಕ್ಷಣೆ ದೊರೆಯುವುದಿಲ್ಲ. ಕುದುರೆಯ ಓಟವನ್ನು ಓದಲು ಕಲಿತವರಿಗೂ ನಾಳಿನ ಜ್ವರವನ್ನು ಓದಲು ಬಾರದು.

ಆದರೆ ಓದುವ ಆ ವಿಧಾನಕ್ಕೆ ಪಂದ್ಯದ ಮೈದಾನದಾಚೆಯೂ ಬೆಲೆಯುಂಟು. ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಮನೆಗೆ ಬಂದಾಗ ಕೊನೆಯ ಸಾಲನ್ನಷ್ಟೇ ಓದಿ ಮಗುವಿನ ಮೇಲೆ ತೀರ್ಪು ಕೊಡುವ ಹೆತ್ತವರಿದ್ದಾರೆ. ಹಿಂದಿನ ಎರಡು ವರ್ಷಗಳ ಪಟ್ಟಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಪರೀಕ್ಷೆಯ ವಾರ ಮಗುವಿಗೆ ಏನಾಗಿತ್ತೆಂದು ಮೊದಲು ಕೇಳಬೇಕು. ಹಲವು ಬಾರಿ ಕಾರಣ ಅದರ ಬಾಯೊಳಗೇ ಇರುತ್ತದೆ. ಕೇಳುವವರಿದ್ದರೆ ಅದು ಹೊರಗೆ ಬರುತ್ತದೆ.