ಕುಬಸದ ಊಟ ಯಾವಾಗ ಎಂದು ಕೇಳುವ ಮುನ್ನ

ಬೆಳಗಾವಿ, ಖಾನಾಪುರದ ಹಿರಿಯರೇ, ಕಾರಖಾನೆ ಮಾಲೀಕರೇ, ಅಕ್ಕ-ತಂಗಿಯರೇ,

ಮದುವೆಯಾಗಿ ವರ್ಷ ತುಂಬುವುದರೊಳಗೆ ‘ಏನಾರ ವಿಶೇಷ ಐತೇನು, ಕುಬಸದ ಊಟ ಯಾವಾಗ?’ ಎಂದು ಸೊಸೆಯಂದಿರನ್ನು ಕೇಳುವುದನ್ನು ದಯವಿಟ್ಟು ನಿಲ್ಲಿಸೋಣ. ಎಷ್ಟೋ ಮನೆಗಳಲ್ಲಿ ಮಗುವಿನ ಮಾತು ಪಗಾರದ ಲೆಕ್ಕಕ್ಕೆ ಬಂದು ನಿಂತಿದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳ ಸಂಖ್ಯೆ, 1.7. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. ಹೆಣ್ಣುಮಕ್ಕಳು ಓದಿದ್ದು, ತಡವಾಗಿ ಮದುವೆಯಾಗುತ್ತಿರುವುದು ಇದಕ್ಕೆ ದೊಡ್ಡ ಕಾರಣ, ಅದು ಸಂತೋಷವೇ. ಒಂದೇ ಸಾಕು ಎಂದು ಮನಸಾರೆ ತೀರ್ಮಾನಿಸಿದವರ ಬಗ್ಗೆಯೂ ನನ್ನ ತಕರಾರಿಲ್ಲ. ಮಗು ಬೇಕೆಂದಿದ್ದರೂ ‘ಈಗ ಬ್ಯಾಡ’ ಎಂದು ವರ್ಷದಿಂದ ವರ್ಷಕ್ಕೆ ಮುಂದೂಡುವವರ ಸಂಕಟ ನನ್ನನ್ನು ಕಾಡುತ್ತದೆ.

ಉದ್ಯಮಬಾಗದ ಫೌಂಡ್ರಿಗಳಿಗೆ ಆರ್ಡರ್ ಇಳಿದರೆ ಮೊದಲು ಹೋಗುವುದು ಗುತ್ತಿಗೆಯವನ ಹಾಜರಿ. ಖಾನಾಪುರದ ಹುಡುಗರು ಕೆಲಸ ಹುಡುಕಿ ಗೋವಾಕ್ಕೋ ಪುಣೆಗೋ ಹೋಗುತ್ತಾರೆ, ಹೆಂಡತಿ ಊರಲ್ಲೇ ಉಳಿಯುತ್ತಾಳೆ. ವಡಗಾವಿ, ಖಾಸಬಾಗದ ನೇಕಾರರ ಮನೆಗೆ ಹೋಗಿ ನೋಡಿ. ಗಂಡ ಮಗ್ಗದ ಮುಂದೆ, ಹೆಂಡತಿ ಮೂಲೆಯಲ್ಲಿ ಕೂತು ಕಂಡಿಕಿಗೆ ನೂಲು ಸುತ್ತುತ್ತಾಳೆ. ಕೂಲಿ ಸಿಗುವುದು ಸೀರೆಯ ಲೆಕ್ಕದಲ್ಲಿ. ಅವಳು ಬಾಣಂತನಕ್ಕೆ ಮಲಗಿದರೆ ಮಗ್ಗದ ವೇಗವೂ ಕುಂದುತ್ತದೆ. 26 ವಾರಗಳ ಸಂಬಳದ ಹೆರಿಗೆ ರಜೆ ಕಾನೂನಿನಲ್ಲಿದೆ ನಿಜ, ಆದರೆ ಮನೆಯ ಮಗ್ಗದವಳಿಗೆ ರಜೆ ಕೊಡುವ ಯಜಮಾನನೇ ಇಲ್ಲ.

ಹೆರಿಗೆಯ ಆಚೆಗೂ ಕಷ್ಟವಿದೆ. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ಅಲ್ಲಿಯವರೆಗೆ ಕೂಸನ್ನು ಯಾರ ಕೈಗೆ ಕೊಟ್ಟು ಕೆಲಸಕ್ಕೆ ಹೋಗಬೇಕು? ನರೇಗಾ ಕೂಲಿಕಾರರ ಮಕ್ಕಳಿಗಾಗಿ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಯೋಜನೆ ತಂದಿತು. ನಗರದ ನೇಕಾರರ ಓಣಿಗಳು ಆ ಲೆಕ್ಕದಲ್ಲಿಲ್ಲ. 50 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಲೇಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೇಳಿತು. ಸಣ್ಣ ಕಾರಖಾನೆಗಳಿಗೆ ಆ ಕಟ್ಟು ಇಲ್ಲ. ಮಾಲೀಕರೇ, ಹತ್ತು ಕಾರಖಾನೆ ಸೇರಿ ಒಂದು ಕೋಣೆ, ಇಬ್ಬರು ಆಯಾಗಳು, ಇಷ್ಟು ನಿಮ್ಮಿಂದ ಆಗದೇ? ವರ್ಷಗಟ್ಟಲೆ ದುಡಿದವನಿಗೆ ಕಾಯಂ ಆದೇಶ ಕೊಡಲು ಇನ್ನೂ ಎಷ್ಟು ಕಾಯಿಸುತ್ತೀರಿ?

ನಗರದವರು ಮುಂದಿನ ಬಜೆಟ್‌ಗೆ ಮುನ್ನ ಪಾಲಿಕೆ ಸದಸ್ಯರಿಗೆ ಅರ್ಜಿ ಕೊಡಿ, ನೇಕಾರರ ಪ್ರತಿ ವಾರ್ಡಿಗೂ ಒಂದು ಕೂಸಿನ ಮನೆ ಕೇಳಿ. ಖಾನಾಪುರದವರು ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ಇದ್ದರೆ ದಿನಾ ಬಾಗಿಲು ತೆರೆಯುತ್ತದೆಯೇ ಎಂದು ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ.