ಮೊದಲು ಸೂಜಿ ತೋರಸ್ರಿ



ಕಳೆದ ಕ್ರಿಸ್‌ಮಸ್‌ಗೆ ಮುಂಚೆ ನಾವು ಮಾಡಿದ ಒಂದು ತಪ್ಪನ್ನು ನಿಮ್ಮೆಲ್ಲರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಹಳೆಯ ಹಾಡಿನ ರೆಕಾರ್ಡು ಕೇಳುವ ಆಸೆ ಈಗ ನಮ್ಮ ವಯಸ್ಸಿನ ಬಹಳ ಜನರಲ್ಲಿ ಹುಟ್ಟಿದೆ. ನಾವು ಎಡವಿದ ಕಲ್ಲಿಗೆ ನೀವೂ ಎಡವಬಾರದೆಂದು ಇದನ್ನು ಬರೆಯುತ್ತಿದ್ದೇವೆ.

ನಮ್ಮ ಹೋಟಗಿಯಲ್ಲಿ ರೈಲ್ವೆ ನೌಕರಿ ಮುಗಿಸಿ ಮನೆಯಲ್ಲಿರುವ ಅಜ್ಜ ಒಬ್ಬರಿದ್ದಾರೆ. ಅವರ ಟ್ರಂಕಿನಲ್ಲಿ ಸುಮಾರು ನಲವತ್ತು ರೆಕಾರ್ಡುಗಳಿವೆ. ಅರ್ಧಕ್ಕಿಂತ ಹೆಚ್ಚು ತೀರಿಕೊಂಡ ಅಜ್ಜಿ ಕೂಡಿಸಿಟ್ಟವು. ಮಲ್ಲಿಕಾರ್ಜುನ ಮನ್ಸೂರರ ವಚನಗಳಿವೆ, ಕಾಳಿಂಗರಾಯರ ಭಾವಗೀತೆಗಳಿವೆ, ಹೆಸರು ಅಳಿಸಿಹೋದ ಕೆಲವು ಕರಿ ಅರಗಿನ ರೆಕಾರ್ಡುಗಳೂ ಇವೆ. ಪ್ರತಿಯೊಂದರ ಕಾಗದದ ಚೀಲದ ಮೇಲೆ ಅಜ್ಜಿಯ ಅಕ್ಷರದಲ್ಲಿ ಕೊಂಡ ಊರು, ಕೊಂಡ ದಿನ ಬರೆದಿದೆ. ನಾವು ಹೋಗಿ ಕೇಳಿದಾಗ ಅಜ್ಜ ನಕ್ಕು, ಜಿಮ್ ರೀವ್ಸ್ 1963ರಲ್ಲಿ ಹಾಡಿದ ಕ್ರಿಸ್‌ಮಸ್ ಹಾಡುಗಳ ಎಲ್‌ಪಿ ಒಂದನ್ನು ಮಾತ್ರ ಕೈಗೆ ಕೊಟ್ಟರು. "ಮೊದಲ ಇದನ್ನ ಕೇಳ್ರಿ. ಉಳದದ್ದು ಆಮ್ಯಾಲ ನೋಡೂಣು" ಅಂದರು.

ನಾವು ಹನ್ನೊಂದು ಜನ ತಲಾ ಐನೂರು ರೂಪಾಯಿ ಕೂಡಿಸಿ ಆನ್‌ಲೈನಿನಲ್ಲಿ ಒಂದು ಪ್ಲೇಯರ್ ತರಿಸಿದೆವು. ಕೆಂಪು ಸೂಟ್‌ಕೇಸಿನ ಆಕಾರ, ಹಿತ್ತಾಳೆ ಬಣ್ಣದ ಮೂಲೆಗಳು, ಒಳಗೇ ಸ್ಪೀಕರು, ಬ್ಲೂಟೂತ್ ಬೇರೆ. ಫೋಟೋದಲ್ಲಿ ಬಹಳ ಚೆಂದ ಕಂಡಿತ್ತು. ಆಗಮನ ಕಾಲದ ನಾಲ್ಕೂ ವಾರ ಗಾಯನವೃಂದದ ಅಭ್ಯಾಸ ಮುಗಿದ ಮೇಲೆ ಅದೇ ಎಲ್‌ಪಿಯನ್ನು ಮತ್ತೆ ಮತ್ತೆ ಹಾಕಿದೆವು. ಕ್ರಿಸ್‌ಮಸ್ ಹತ್ತಿರ ಬರುವಷ್ಟರಲ್ಲಿ 'ಸ' ಅಕ್ಷರ ಬಂದಲ್ಲೆಲ್ಲ ಉಸುಕು ಉಜ್ಜಿದ ಸದ್ದು ಕೇಳತೊಡಗಿತು. ಯಂತ್ರ ಕೆಟ್ಟಿರಬೇಕು ಅಂದುಕೊಂಡೆವು. ಸೋಲಾಪುರದಲ್ಲಿ ಪರಿಚಯದವರೊಬ್ಬರ ಒಳ್ಳೆಯ ಪ್ಲೇಯರಿನ ಮೇಲೆ ಹಾಕಿ ನೋಡಿದರೆ ಅಲ್ಲೂ ಅದೇ ಸದ್ದು. ಕೆಟ್ಟಿದ್ದು ರೆಕಾರ್ಡು. ಕೆಡಿಸಿದ್ದು ನಾವು.

ತಲೆ ತಗ್ಗಿಸಿ ಅದನ್ನು ಮರಳಿಸಲು ಹೋದಾಗ ಅಜ್ಜ ಬೈಯಲಿಲ್ಲ. "ಅದು ಎಲ್ಲಾ ಕಡೆ ಸಿಗತೈತಿ, ಬಿಡ್ರಿ. ಉಳದದ್ದೂ ಕೊಡತೇನಿ. ಆದರ ಮೊದಲು ಸೂಜಿ ತೋರಸ್ರಿ" ಅಂದರು. ನಮ್ಮ ಅಭಿಪ್ರಾಯ ಇಷ್ಟೇ: ಮೊದಲ ಟರ್ನ್‌ಟೇಬಲ್ ಕೊಳ್ಳುವ ಪ್ರತಿಯೊಬ್ಬರೂ ಅಂಗಡಿಯಲ್ಲಿ ಮೊದಲು ಹೇಳಬೇಕಾದ ಮಾತು ಇದೇ. 'ಎಷ್ಟು ರೂಪಾಯಿ' ಎಂದು ಕೇಳುವ ಮುಂಚೆ 'ಎಷ್ಟು ಗ್ರಾಂ' ಎಂದು ಕೇಳಬೇಕು.

ಯಾಕೆಂದು ಹೇಳುತ್ತೇವೆ. ಎಲ್‌ಪಿಯ ಒಂದು ಬದಿಯಲ್ಲಿ ಇರುವುದು ಸುರುಳಿ ಸುತ್ತಿದ ಒಂದೇ ಒಂದು ಗೆರೆ. ನಿಮಿಷಕ್ಕೆ 33⅓ ಸುತ್ತಿನಂತೆ ಸುಮಾರು 22 ನಿಮಿಷ ಓಡುವ ಆ ಗೆರೆಯನ್ನು ಬಿಚ್ಚಿ ನೇರವಾಗಿ ಚಾಚಿದರೆ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಆಗುತ್ತದೆ. ಜಂಕ್ಷನ್ನಿನ ಊರಿನವರಿಗೆ ತಿಳಿಯುವಂತೆ ಹೇಳುವುದಾದರೆ, 20 ಡಬ್ಬಿಗಳ ರೈಲಿನಷ್ಟು ಉದ್ದ. ಅಷ್ಟುದ್ದದ ದಾರಿಯಲ್ಲಿ ಕೂದಲಿಗಿಂತ ಸಣ್ಣ ಮೊನೆಯ ಸೂಜಿ ಗೆರೆಯ ಎರಡೂ ಗೋಡೆಗಳನ್ನು ಒತ್ತುತ್ತ ಸಾಗುತ್ತದೆ. ಒಳ್ಳೆಯ ಕಾರ್ಟ್ರಿಡ್ಜ್ ಆದರೆ ಸೂಜಿಯ ಭಾರ ಎರಡು ಗ್ರಾಮಿನ ಆಸುಪಾಸು. ನಮ್ಮ ಜೇಬಿನಲ್ಲಿರುವ 2011ರ ಮಾದರಿಯ ಒಂದು ರೂಪಾಯಿ ನಾಣ್ಯ 3.79 ಗ್ರಾಂ ತೂಗುತ್ತದೆ. ಅದರ ಅರ್ಧ ಭಾರ ಸಾಕು. ನಮ್ಮ ಸೂಟ್‌ಕೇಸಿನ ಸೂಜಿಯನ್ನು ಅಕ್ಕಸಾಲಿಗರ ಪುಟ್ಟ ಡಿಜಿಟಲ್ ತಕ್ಕಡಿಯ ಮೇಲಿಟ್ಟು ನೋಡಿದಾಗ 5.8 ಗ್ರಾಂ ತೋರಿಸಿತು. ಹೆಚ್ಚುಕಡಿಮೆ ಐದು ರೂಪಾಯಿ ನಾಣ್ಯದ ತೂಕ! ಅದನ್ನು ಕಡಿಮೆ ಮಾಡಲು ಆ ಯಂತ್ರದಲ್ಲಿ ಒಂದು ತಿರುಪು ಕೂಡ ಇಲ್ಲ.

ಆದ್ದರಿಂದ ಕಡಿಮೆ ಬೆಲೆಯ ಮೊದಲ ಯಂತ್ರವನ್ನು ಆರಿಸುವಾಗ ಮೂರು ಸಂಗತಿ ನೋಡಿ ಎನ್ನುತ್ತೇವೆ.

ಒಂದು, ಸೂಜಿ ಬದಲಿಸಲು ಬರಬೇಕು, ಬದಲಿ ಸೂಜಿ ಹೆಸರು ಹೇಳಿ ಕೇಳಿದರೆ ಸಿಗುವಂತಿರಬೇಕು. ವಜ್ರದ ಮೊನೆಯೂ ಸವೆಯುತ್ತದೆ. ಕೆಲವು ನೂರು ತಾಸು ಓಡಿದ ಮೇಲೆ ಬದಲಿಸಲೇಬೇಕು. ಸವೆದ ಸೂಜಿ ಗೆರೆಯನ್ನು ಉಳಿಯಂತೆ ಕೆತ್ತುತ್ತದೆ.

ಎರಡು, ತೋಳಿನ ಹಿಂದೆ ತಿರುಗಿಸುವ ಭಾರದ ಗುಂಡು ಇರಬೇಕು. ಅದು ಇಲ್ಲದಿದ್ದರೆ ಕಂಪನಿಯೇ ಸರಿಯಾದ ಹಗುರ ಭಾರಕ್ಕೆ ಹೊಂದಿಸಿ ಕಳಿಸಿದ್ದಾಗಿರಬೇಕು. ಎರಡನೆಯ ಬಗೆಗೆ ಉದಾಹರಣೆ ಆಡಿಯೋ-ಟೆಕ್ನಿಕಾದ ಎಟಿ-ಎಲ್‌ಪಿ60ಎಕ್ಸ್. ಬೆಲ್ಟಿನಿಂದ ತಿರುಗುವ ಇದರಲ್ಲಿ ಗುಂಡಿ ಒತ್ತಿದರೆ ತೋಳು ತಾನೇ ಎದ್ದು ರೆಕಾರ್ಡಿನ ಮೇಲೆ ಕೂರುತ್ತದೆ, ಹಾಡು ಮುಗಿದರೆ ತಾನೇ ಮರಳುತ್ತದೆ. ಕೈ ನಡುಗುವ ಹಿರಿಯರಿಗೂ, ಅವಸರದ ನಮ್ಮಂಥವರಿಗೂ ಇದು ಒಳ್ಳೆಯದು. ಸೂಟ್‌ಕೇಸಿನ ಪ್ಲೇಯರಿಗಿಂತ ಬೆಲೆ ಎರಡು-ಮೂರು ಪಟ್ಟು ಆಗುತ್ತದೆ, ನಿಜ. ಆದರೆ ಆ ಹೆಚ್ಚಿನ ಹಣ ಹೋಗುವುದು ತೋಳಿಗೆ ಮತ್ತು ಸೂಜಿಗೆ.

ಮೂರು, ನಮ್ಮಲ್ಲಿರುವ ಸ್ಪೀಕರಿಗೆ ನೇರವಾಗಿ ಜೋಡಿಸಲು ಬರುತ್ತದೆಯೇ ಎಂದು ನೋಡಿ. ರೆಕಾರ್ಡು ಕೆತ್ತುವಾಗ ತಗ್ಗಿನ ಸ್ವರಗಳನ್ನು ತಗ್ಗಿಸಿ, ಎತ್ತರದ ಸ್ವರಗಳನ್ನು ಎತ್ತಿ ಕೆತ್ತುತ್ತಾರೆ. ಕೇಳುವಾಗ ಅದನ್ನು ತಿರುಗಿಸಿ ಸರಿಮಾಡುವ ಪುಟ್ಟ ಸಾಧನವೇ ಫೋನೋ ಪ್ರೀಆಂಪ್. ಅದು ಇಲ್ಲದೆ ಜೋಡಿಸಿದರೆ ಹಾಡು ಸೊಳ್ಳೆಯ ದನಿಯಂತೆ ಕೇಳುತ್ತದೆ. ಯಂತ್ರದ ಹಿಂದೆ 'ಫೋನೋ' ಮತ್ತು 'ಲೈನ್' ಎಂಬ ಸ್ವಿಚ್ ಇದ್ದರೆ ಪ್ರೀಆಂಪ್ ಒಳಗೇ ಇದೆ ಎಂದರ್ಥ. ನಮ್ಮ ಸಭಾಗೃಹದ ಸ್ಪೀಕರಿಗೆ ಜೋಡಿಸಿ 'ಲೈನ್' ಕಡೆಗೆ ತಳ್ಳಿದರೆ ಮುಗಿಯಿತು.

ಇನ್ನು ಅಜ್ಜನ ಅರಗಿನ ರೆಕಾರ್ಡುಗಳ ಮಾತು. ಇವು ನಿಮಿಷಕ್ಕೆ 78 ಸುತ್ತು ತಿರುಗುವಂಥವು. ಇವುಗಳ ಗೆರೆ ಅಗಲ, ಸೂಜಿಯ ಮೊನೆಯೂ ಎಲ್‌ಪಿ ಸೂಜಿಯ ಸುಮಾರು ನಾಲ್ಕು ಪಟ್ಟು ದಪ್ಪ ಇರಬೇಕು. ಎಲ್‌ಪಿಯ ಸೂಜಿ ಇಟ್ಟರೆ ಅದು ಗೆರೆಯ ತಳದ ಧೂಳಿನಲ್ಲಿ ಹೊರಳಾಡುತ್ತದೆ. ಮೇಲೆ ಹೇಳಿದ ಎಲ್‌ಪಿ60ಎಕ್ಸ್‌ನಲ್ಲಿ 78ರ ವೇಗವೇ ಇಲ್ಲ. ಅದೇ ಕಂಪನಿಯ ಎಲ್‌ಪಿ120ಎಕ್ಸ್‌ಯುಎಸ್‌ಬಿಯಲ್ಲಿ ಮೂರೂ ವೇಗಗಳಿವೆ, ಭಾರ ಹೊಂದಿಸಬಹುದು, 78ರ ಸೂಜಿಯನ್ನು ಬೇರೆ ಕೊಂಡು ಅದೇ ಕಾರ್ಟ್ರಿಡ್ಜಿಗೆ ಸಿಕ್ಕಿಸಬಹುದು. ಆ ದಪ್ಪ ಸೂಜಿಗೆ ಐದು ಗ್ರಾಂ ಭಾರವೇ ಸರಿ! ಎಲ್‌ಪಿಯನ್ನು ಕೊಂದ ಭಾರ ಇಲ್ಲಿ ಬೇಕಾದ ಭಾರ. ಆದರೆ ಈ ಯಂತ್ರದ ಬೆಲೆ ಬಹಳ ಮೇಲಿದೆ. ಅದು ಕೈಗೆ ಬರುವ ತನಕ ಅಜ್ಜಿಯ ಅರಗಿನ ರೆಕಾರ್ಡುಗಳನ್ನು ಮುಟ್ಟಬಾರದು ಎಂಬುದು ನಮ್ಮ ತೀರ್ಮಾನ. ಬಂದ ದಿನ ಒಂದೇ ಸಲ ಹಾಕಿ, ಕಂಪ್ಯೂಟರಿಗೆ ಇಳಿಸಿಕೊಂಡು, ಮತ್ತೆ ಟ್ರಂಕಿಗೆ ಸೇರಿಸಬೇಕು.

"ನಮ್ಮ ಅಟ್ಟದ ಮೇಲೆ ಹಳೆಯ ಎಚ್‌ಎಂವಿ ಪ್ಲೇಯರ್ ಇದೆಯಲ್ಲ" ಎಂದು ಕೆಲವರು ಹೇಳಿದರು. ಒಂದು ಕಾಲಕ್ಕೆ ಫಿಯೆಸ್ಟಾ, ಕ್ಯಾಲಿಪ್ಸೋ ಎಂಬ ಎಚ್‌ಎಂವಿ ಪ್ಲೇಯರುಗಳು ನಮ್ಮ ದೇಶದ ಮನೆಮನೆಯಲ್ಲಿದ್ದವು. ಇಳಿಸಿ ಒರೆಸಿಡಿ, ಚೆಂದದ ವಸ್ತು. ಆದರೆ ಅದರ ಸೂಜಿ ಯಾವ ಕಾಲದ್ದೋ, ರಬ್ಬರು ಗಟ್ಟಿಯಾಗಿರುತ್ತದೆ. ಹೊಸ ಸೂಜಿ ಸಿಕ್ಕು, ತಿಳಿದವರು ರಿಪೇರಿ ಮಾಡಿ, ಭಾರ ತೂಗಿ ನೋಡುವ ತನಕ ಅದರ ಮೇಲೆ ಪ್ರೀತಿಯ ರೆಕಾರ್ಡು ಇಡಬೇಡಿ. ಬೇಡವಾದ ಒಂದು ರೆಕಾರ್ಡಿನ ಮೇಲೆ ಮೊದಲು ಪರೀಕ್ಷಿಸಿ.

ನಮ್ಮ ಊರಿನ ಬಿಸಿಲು, ಧೂಳಿನ ಬಗ್ಗೆಯೂ ಎರಡು ಮಾತು. ಸೋಲಾಪುರ ಸೀಮೆಯ ಮೇ ತಿಂಗಳು ಎಂಥದೆಂದು ನಿಮಗೆ ಹೇಳಬೇಕಿಲ್ಲ. ಪತ್ರಾ ಹೊದಿಸಿದ ಮನೆಯಲ್ಲಿ ಎಲ್‌ಪಿಗಳನ್ನು ಒಂದರ ಮೇಲೊಂದು ಒಟ್ಟಿದರೆ ಹಪ್ಪಳದಂತೆ ಸೊಟ್ಟಗಾಗುತ್ತವೆ. ತಂಪಾದ ಗೋಡೆಯ ಬದಿಗೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ಪ್ರತಿ ಸಲ ಹಾಕುವ ಮುಂಚೆ ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಿರಿ. ಯಂತ್ರ ಅಲುಗಾಡದ, ಸಮತಟ್ಟಾದ ಮೇಜಿನ ಮೇಲಿರಲಿ.

ಈಗ ನಮ್ಮಲ್ಲೇ ಎದ್ದ ಎರಡು ಆಕ್ಷೇಪಗಳು. "ಫೋನಿನಲ್ಲಿ ಎಲ್ಲ ಹಾಡೂ ಪುಕ್ಕಟೆ ಸಿಗುವಾಗ ಇದೆಲ್ಲ ಯಾಕೆ?" ಎಲ್ಲವೂ ಸಿಗುವುದಿಲ್ಲ. ಅಜ್ಜಿಯ ಟ್ರಂಕಿನ ಆ ಹೆಸರಳಿಸಿದ ರೆಕಾರ್ಡುಗಳನ್ನು ನಾವು ಹುಡುಕಬೇಕೆಂದರೆ ಯಾವ ಹೆಸರು ಹಾಕಿ ಹುಡುಕುವುದು? ಗಡಿಯಾಚೆಯ ಕನ್ನಡಿಗರ ಮನೆಗಳಲ್ಲಿ ಉಳಿದ ದನಿಗಳನ್ನು ನಾವಲ್ಲದೆ ಇನ್ನಾರು ಕಾಯಬೇಕು?

ಎರಡನೆಯದು ಕಷ್ಟದ ಪ್ರಶ್ನೆ. "ಫೀ ಕಟ್ಟಲಾಗದ ಮಕ್ಕಳು ನಮ್ಮ ನಡುವೆಯೇ ಇರುವಾಗ ಇಂಥ ಖರ್ಚು ಸರಿಯೇ?" ಈ ಮಾತಿಗೆ ನಾವು ಮಣಿಯುತ್ತೇವೆ. ಪ್ರತಿಯೊಬ್ಬರ ಮನೆಗೂ ಒಂದೊಂದು ಟರ್ನ್‌ಟೇಬಲ್ ಬೇಕು ಎಂದರೆ ಅದು ಶೋಕಿ. ಎಲ್ಲರಿಗೂ ಸೇರಿ ಒಂದೇ ಸಾಕು. ನಮ್ಮ ಕೆಂಪು ಸೂಟ್‌ಕೇಸಿನಂಥವು ಹನ್ನೊಂದು ಮನೆಯಲ್ಲಿ ಹನ್ನೊಂದು ಇದ್ದಿದ್ದರೆ ಹನ್ನೊಂದು ರೆಕಾರ್ಡು ಕೆಡುತ್ತಿದ್ದವು, ಅಷ್ಟೇ.

ಇದಕ್ಕೆ ನಮ್ಮ ರೈಲು ದಾರಿಯದೇ ಒಂದು ಕಥೆ ಇದೆ. 1933ರ ಸುಮಾರು, ಗದಗಿನ ಹನ್ನೊಂದು ವರ್ಷದ ಒಬ್ಬ ಹುಡುಗ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಮ್ ಖಾನರ ಠುಮರಿಯ ರೆಕಾರ್ಡು ಕೇಳಿದ. ಹಾಗೆ ಹಾಡಲು ಕಲಿಸುವ ಗುರು ಬೇಕೆಂದು ಮನೆ ಬಿಟ್ಟು ರೈಲು ಹತ್ತಿದ, ವಿಜಯಪುರಕ್ಕೆ ಬಂದ. ಗದಗಿನಿಂದ ಬಾದಾಮಿ, ಬಾಗಲಕೋಟೆ, ವಿಜಯಪುರ ದಾಟಿ ಬರುವ ಆ ಹಳಿ ಕೊನೆಗೆ ಬಂದು ಸೇರುವುದು ನಮ್ಮ ಹೋಟಗಿಗೆ. ಆ ಹುಡುಗ ಮುಂದೆ ಕುಂದಗೋಳದಲ್ಲಿ, ಅದೇ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ ಕಲಿತರು. ಭೀಮಸೇನ ಜೋಶಿ ಆದರು. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾಯಿತು. ಗಮನಿಸಿ, ಆ ಗ್ರಾಮಫೋನು ಹುಡುಗನದಲ್ಲ, ಅಂಗಡಿಯದು. ಅವನದಾಗಿದ್ದು ಕಿವಿ ಮಾತ್ರ. ಹತ್ತು ಜನ ಕೇಳುವ ಕಡೆ ಒಂದು ಯಂತ್ರ, ಕೆಡದ ಒಂದು ರೆಕಾರ್ಡು ಇದ್ದರೆ ಸಾಕು, ಯಾವ ಮಗುವಿನ ಕಿವಿ ತೆರೆಯುತ್ತದೋ ಯಾರಿಗೆ ಗೊತ್ತು.

ನಾವು ನಿಶ್ಚಯಿಸಿದ್ದು ಇಷ್ಟು. ಕೆಂಪು ಸೂಟ್‌ಕೇಸನ್ನು ಇನ್ನೊಬ್ಬರಿಗೆ ಮಾರುವುದಿಲ್ಲ, ಅವರ ರೆಕಾರ್ಡು ಕೆಡಿಸುವ ಪಾಪ ಬೇಡ. ಅದರ ಬ್ಲೂಟೂತ್ ಸ್ಪೀಕರು ಅಭ್ಯಾಸದ ವೇಳೆಗೆ ಉಪಯೋಗಕ್ಕೆ ಬರುತ್ತದೆ. ತಿಂಗಳಿಗೆ ತಲಾ ನೂರೈವತ್ತು ರೂಪಾಯಿ ಕೂಡಿಸುತ್ತೇವೆ. ಮಕ್ಕಳ ಫೀ ನಿಧಿಗೆ ಕೊಡುವುದರಲ್ಲಿ ಒಂದು ರೂಪಾಯಿಯೂ ಕಡಿಮೆ ಮಾಡುವುದಿಲ್ಲ. ಹಣ ತುಂಬಿದಾಗ ಧರ್ಮಕೇಂದ್ರದ ಹೆಸರಿನಲ್ಲಿ ಒಂದು ಒಳ್ಳೆಯ ಟರ್ನ್‌ಟೇಬಲ್, ಒಂದು ಬದಲಿ ಸೂಜಿ, ಒಂದು ಪುಟ್ಟ ತಕ್ಕಡಿ ಕೊಳ್ಳುತ್ತೇವೆ. ತಿಂಗಳಿಗೊಂದು ಭಾನುವಾರ ಬಲಿಪೂಜೆಯ ನಂತರ ಎಲ್ಲರೂ ಕೂತು ಕೇಳುತ್ತೇವೆ. ಯಾವ ಮನೆಯವರಾದರೂ ತಮ್ಮ ರೆಕಾರ್ಡು ತರಬಹುದು, ಯಾವ ಜಾತಿ ಮತದವರಾದರೂ ಸರಿ.

ಮೊನ್ನೆ ಅಜ್ಜನಿಗೆ ಇದನ್ನೆಲ್ಲ ಹೇಳಿದೆವು. "ಅವಸರ ಮಾಡಬ್ಯಾಡ್ರಿ. ಇಷ್ಟ ವರ್ಷ ಕಾದಾವು, ಇನ್ನೊಂದಿಷ್ಟು ದಿನ ಕಾಯತಾವು" ಅಂದರು. ಆಮೇಲೆ ಒಳಗೆ ಹೋಗಿ, ಒಂದು ಖಾಲಿ ಚೀಲ ತಂದು ತೋರಿಸಿದರು. ನಾವು ಕೆಡಿಸಿದ ಎಲ್‌ಪಿಯದು. ಅದರ ಮೇಲೂ ಅಜ್ಜಿಯ ಅಕ್ಷರವಿತ್ತು. ನಾವು ಅದನ್ನು ಮೊದಲು ನೋಡಿರಲೇ ಇಲ್ಲ.

ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಏನಿದೆ ಎಂದು ಈ ವಾರ ಒಮ್ಮೆ ನೋಡಿ. ಸಿಕ್ಕರೆ ನಮಗೆ ಹೇಳಿ. ಹಾಕಿ ಕೇಳಲು ಮಾತ್ರ ಅವಸರ ಮಾಡಬೇಡಿ.

– ನಿಮ್ಮ ಯುವಜನ ಬಳಗ, ಹೋಟಗಿ